ಸಣ್ಣಿಯ ಬೆನ್ನ ಮೇಲಿನ ಸುಳಿ

ಮೊನ್ನೆ ಸಂಜೆ ಹೊಳೆನರಸೀಪುರದ ಮಗಳ ಮನೆಯಲ್ಲಿ ನಾವು ಮೂವರೇ ಇದ್ದೆವು. ಪಡಸಾಲೆಯ ಮೂಲೆಯಲ್ಲಿ ಕಾಲು ನೀಡಿಕೊಂಡು ನಾನು, ಕಿಟಕಿಯ ಹತ್ತಿರ ಪರೀಕ್ಷೆಗೆ ಓದಿಕೊಳ್ಳುತ್ತಿದ್ದ ಮೊಮ್ಮಗಳು, ಹಿತ್ತಿಲಲ್ಲಿ ಮಗಳು. ಮಗಳು ಬಚ್ಚಲಿಗೆ ಫಿನಾಯಿಲ್ ಹಾಕಿ ತೊಳೆದು, ಸೊಳ್ಳೆಗೆಂದು ಬೇವಿನಸೊಪ್ಪಿನ ಹೊಗೆ ಇಟ್ಟಳು. ಎರಡು ವಾಸನೆಯೂ ಒಂದಾಗಿ ಒಳಗೆ ಬಂದವು. ನೀಡಿದ್ದ ಕಾಲು ಮಡಿಸಿಕೊಂಡು ಸೆರಗು ಮೂಗಿಗೆ ಹಿಡಿದೆ. ಅದೇ ಹೊತ್ತಿಗೆ ಮೊಮ್ಮಗಳು ಗಟ್ಟಿಯಾಗಿ ಓದುತ್ತಿದ್ದಳು. ಒಂದೇ ಜಾತಿಯ ಪ್ರಾಣಿಗಳಲ್ಲೂ ಒಂದಕ್ಕೂ ಇನ್ನೊಂದಕ್ಕೂ ಸಣ್ಣಪುಟ್ಟ ವ್ಯತ್ಯಾಸ ಇರುತ್ತದಂತೆ. ಕಷ್ಟಕಾಲ ಬಂದಾಗ ಅದನ್ನು ತಡೆಯಬಲ್ಲವು ಉಳಿಯುತ್ತವಂತೆ, ಉಳಿದವುಗಳ ಮರಿಗಳೇ ಮುಂದೆ ಹೆಚ್ಚುತ್ತವಂತೆ, ಹೀಗೆ ತಲೆಮಾರು ಕಳೆದಂತೆ ಇಡೀ ಹಿಂಡಿನ ಸ್ವರೂಪವೇ ಬೇರೆಯಾಗುತ್ತದಂತೆ.

"ಇನ್ನೊಂದು ಸಲ ಓದವ್ವ" ಅಂದೆ. ಓದಿದಳು.

"ಅಂಗೆ ಉಳಿದದ್ದನ್ನ ಜನ ಉಳಿಯೋಕೆ ಬುಡದಿದ್ರೆ ಏನಾಯ್ತದೆ ಅಂತ ಬರೆದಿಲ್ವ?"

ಅವಳು ಹಾಳೆ ತಿರುವಿ ನೋಡಿದಳು. "ಇಲ್ಲ ಅಜ್ಜಿ, ಅದು ಪಾಠದಲ್ಲಿಲ್ಲ" ಅಂದಳು. ಪಾಠದಲ್ಲಿಲ್ಲದ್ದನ್ನು ನಾನು ಹೇಳುತ್ತೇನೆ.

ನನ್ನ ತವರು ಅರಕಲಗೂಡು ತಾಲ್ಲೂಕಿನಲ್ಲಿ, ಮಲ್ಲಿಪಟ್ಟಣದ ಮಗ್ಗುಲಿಗೆ. ಕೊಟ್ಟದ್ದು ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಗಾಡಿದಾರಿಯ ಊರಿಗೆ. ಬೆಳಿಗ್ಗೆ ಹೊರಟರೆ ಮಾರನೇ ದಿನಕ್ಕೆ ತಲುಪುವ ದೂರ, ಅಷ್ಟೆ. ಆದರೆ ದನದ ವಿಷಯದಲ್ಲಿ ಆ ಸೀಮೆಯೇ ಬೇರೆ, ಈ ಸೀಮೆಯೇ ಬೇರೆ. ನಮ್ಮ ತವರಿನ ದನಗಳು ಕುಳ್ಳು, ಕಂದು ಮೈ, ಮೊಂಡು ಕೊಂಬು. ಒಂದರ ಹಾಗೆ ಇನ್ನೊಂದಿಲ್ಲ. ಘಟ್ಟಕ್ಕೆ ಹೋಗಿಬರುವ ದನಗಳ ಹಿಂಡೆಲ್ಲ ನಮ್ಮೂರ ಕೆರೆಯಲ್ಲೇ ನೀರು ಕುಡಿಯುತ್ತಿದ್ದವು. ಅವು ತರುವ ರೋಗವೂ ಮೊದಲು ನಮ್ಮೂರಿಗೇ ಇಳಿಯುತ್ತಿತ್ತು. ಸಾಯುವುದು ಸಾಯುತ್ತಿತ್ತು, ಉಳಿದದ್ದನ್ನು ಕಟ್ಟಿಕೊಂಡು ಬದುಕು ನಡೆಯುತ್ತಿತ್ತು.

ನನ್ನ ಮದುವೆಯಲ್ಲಿ ಅಪ್ಪ ಬಳುವಳಿಯಾಗಿ ಇನ್ನೂ ಕರು ಹಾಕದ ಒಂದು ಕಡಸನ್ನು ಕೊಟ್ಟರು. ಅದರ ಹೆಸರು ಸಣ್ಣಿ. ಗಂಡನ ಮನೆಯ ಅಂಗಳಕ್ಕೆ ಅದು ಕಾಲಿಟ್ಟ ಹೊತ್ತು ನನಗೆ ನಿನ್ನೆ ಮೊನ್ನೆಯದರ ಹಾಗಿದೆ. ಜಗಲಿಯ ಮೇಲೆ ನಮ್ಮ ಮಾವ ಮುದ್ದೇಗೌಡರು, ಅವರ ಪಕ್ಕದಲ್ಲಿ ನೆರೆಮನೆಯ ತಿಮ್ಮಣ್ಣ, ಬಾಗಿಲ ಮರೆಯಲ್ಲಿ ಅತ್ತೆ, ಅಂಗಳದಲ್ಲಿ ಹಗ್ಗ ಹಿಡಿದುಕೊಂಡು ನಮ್ಮಪ್ಪ.

ಮಾವನವರ ಮಾತು ದನದ ಸಂತೆಯಲ್ಲಿ ಕಲ್ಲಿನ ಮೇಲೆ ಕೊರೆದ ಹಾಗೆ. ದನದ ಮೈಮೇಲೆ ಕೂದಲು ತಿರುಗಿರುವ ಕಡೆ ಸುಳಿ ಅಂತೀವಲ್ಲ, ಆ ಸುಳಿ ನೋಡಿ ಆ ದನ ಮನೆಗೆ ಆಗುತ್ತದೋ ಆಗುವುದಿಲ್ಲವೋ ಅಂತ ಹೇಳುವುದರಲ್ಲಿ ಅವರನ್ನು ಮೀರಿಸಿದವರು ಹಾಸನದಿಂದ ಈಚೆಗೆ ಇರಲಿಲ್ಲ. ಅಂಥವರು ಜಗಲಿಯಿಂದ ಇಳಿದು ಬಂದು ಸಣ್ಣಿಯ ಹಣೆ ನೋಡಿದರು, ಭುಜ ಸವರಿದರು, ಬೆನ್ನಿನ ಹಿಂಬದಿಗೆ ಬಂದಾಗ ಕೈ ನಿಂತುಬಿಟ್ಟಿತು. ಅಲ್ಲಿ ಬೆನ್ನುಹುರಿಯ ಆ ಕಡೆಗೊಂದು ಈ ಕಡೆಗೊಂದು ಸುಳಿ ಇದ್ದವು.

"ಬೀಗರೇ, ಬೇಜಾರು ಮಾಡ್ಕಬ್ಯಾಡಿ. ದನದ ಮುಂದೆ ನಿಂತು ನಾನು ಸುಳ್ಳು ಏಳಕಾಗಾಕಿಲ್ಲ. ಇದು ಚಟ್ಟದ ಸುಳಿ. ಇದು ನಿಂತ ಕೊಟ್ಟಿಗೇಲಿ ಎಣ ಏಳ್ತದೆ."

ನಮ್ಮಪ್ಪನ ಮುಖ ಸಣ್ಣಗಾಯಿತು. ಆದರೂ ಹಗ್ಗ ಬಿಡದೆ, ತಮ್ಮ ಕಡೆಯ ಮೆಲುದನಿಯಲ್ಲೇ ಹೇಳಿದರು: "ನಮ್ಮ ಕಡೆ ಸುಳಿ ನೋಡಕೆ ಬಿಡುವಿಲ್ಲ ಬೀಗರೆ. ಮಳೆಗಾಲ ಕಳೆದು ಬದುಕಿದ್ರೆ ಅದೇ ಒಳ್ಳೆ ಸುಳಿ ಅಂತೀವಿ."

ತಿಮ್ಮಣ್ಣನಿಗೆ ಮಾತು ಕಹಿಯಾಗುವುದು ಆಗುತ್ತಿರಲಿಲ್ಲ. ಊರಿಗೆಲ್ಲ ನಗೆ ಹಂಚುತ್ತಿದ್ದ ಮನುಷ್ಯ. "ಬುಡು ಮುದ್ದಣ್ಣ, ಸೊಸೆ ಸುಳಿ ನೆಟ್ಟಗಿದ್ರೆ ಸಾಕು. ಹಸೂನ ಬೆನ್ನ ಮೇಲೆ ಒಂದು ಗೋಣಿ ಮುಚ್ಚು, ಯಾರಿಗೆ ಕಾಣ್ತದೆ" ಅಂದ. ಎಲ್ಲರೂ ನಕ್ಕರು. ಬಾಗಿಲ ಮರೆಯಲ್ಲಿ ಅತ್ತೆಯೂ ನಕ್ಕರು. ಬಳುವಳಿ ಹಸುವನ್ನು ಹಿಂದಕ್ಕಟ್ಟಿದರೆ ಹೆಣ್ಣನ್ನೇ ಹಿಂದಕ್ಕಟ್ಟಿದ ಹಾಗೆ, ಆದ್ದರಿಂದ ಸಣ್ಣಿ ಉಳಿಯಿತು. ಆದರೆ ಕೊಟ್ಟಿಗೆಯ ಒಳಸಾಲಿನಲ್ಲಿ ಅಲ್ಲ. ಹಿತ್ತಿಲ ಬೇಲಿ ಹತ್ತಿರ ಒಂದು ಸೋಗೆಯ ಮರೆ ಹಾಕಿಸಿ ಅಲ್ಲಿ ಕಟ್ಟಿಸಿದರು.

ಒಳಸಾಲಿನ ದನಗಳ ಚೆಂದ ಹೇಳಿದರೆ ಈಗಿನವರಿಗೆ ನಂಬಿಕೆ ಬರಲಿಕ್ಕಿಲ್ಲ. ಮಾವನವರ ಅಜ್ಜನ ಕಾಲದಿಂದ ಆ ಮನೆಯಲ್ಲಿ ಒಂದು ಪದ್ಧತಿ ನಡೆದು ಬಂದಿತ್ತು. ಕರು ಹುಟ್ಟಿ ಮೈಕೂದಲು ಬಲಿತ ಮೇಲೆ ಒಂದು ಸೋಮವಾರ ಅದಕ್ಕೆ ಮೈತೊಳೆಸಿ ಅಂಗಳದಲ್ಲಿ ನಿಲ್ಲಿಸುವುದು, ಸುಳಿ, ಬಣ್ಣ, ಕೊಂಬಿನ ಬುಡ, ಗೊರಸು ಎಲ್ಲ ನೋಡುವುದು. ಒಂದು ಕೂದಲು ಆಚೀಚೆ ಆದರೂ ಅದು ಸಂತೆಗೆ. ಗಂಡಾದರೆ ಬೀಜ ಒಡೆಸಿ ಸಂತೆಗೆ. ನೆಟ್ಟಗಿದ್ದದ್ದು ಮಾತ್ರ ಮನೆಯಲ್ಲಿ. ಹಸುಗಳಿಗೆಲ್ಲ ಮಾವನವರು ಸಾಕಿದ ಒಂದೇ ಹೋರಿ. ಊರಿನವರೂ ಅವರನ್ನೇ ನೋಡಿ ಹಾಗೇ ಮಾಡುತ್ತಿದ್ದರು, ಅದೇ ಹೋರಿಯ ಹತ್ತಿರ ತಮ್ಮ ಹಸು ತರುತ್ತಿದ್ದರು. ಮೂರು ತಲೆಮಾರು ಹೀಗೆ ಮಾಡಿ ಮಾಡಿ, ಊರಿನ ದನವೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಾಗಿದ್ದವು. ಬೂದು ಬಿಳುಪು ಮೈ, ಹಿಂದಕ್ಕೆ ಬಾಗಿದ ನೀಳ ಕೊಂಬು, ನಡೆದರೆ ನೆಲಕ್ಕೇ ಗೌರವ. ಸಂಜೆ ಕೆರೆಯಿಂದ ಬರುವಾಗ ಯಾವುದು ಯಾರ ಮನೆಯದು ಅಂತ ಗೊತ್ತಾಗುತ್ತಿರಲಿಲ್ಲ. ಆ ಹಿಂಡಿನ ಹಿಂದೆ ನನ್ನ ಸಣ್ಣಿ ನೆಂಟರ ಮನೆಗೆ ಕರೆಯದೆ ಬಂದವಳ ಹಾಗೆ ತಲೆ ತಗ್ಗಿಸಿಕೊಂಡು ಬರುತ್ತಿತ್ತು.

ಅದು ಮೊದಲು ಹಾಕಿದ್ದು ಗಂಡು. ಬೆನ್ನ ಮೇಲೆ ಅದೇ ಎರಡು ಸುಳಿ. ಬೀಜ ಒಡೆಸಿ ಚನ್ನರಾಯಪಟ್ಟಣದ ಸಂತೆಗೆ ಹೊಡೆಸಿಬಿಟ್ಟರು. ಎರಡನೆಯದು ಹೆಣ್ಣು, ಅದಕ್ಕೂ ಅದೇ ಸುಳಿ. ಅದನ್ನೂ ಕಳಿಸುತ್ತಿದ್ದರು. ಅಷ್ಟರಲ್ಲಿ ನನ್ನ ಮಗಳು ಹುಟ್ಟಿ ನನಗೆ ಎದೆಹಾಲು ಸಾಲದೆ ಹೋಗಿತ್ತು. ಮಗುವಿಗೆ ಸಣ್ಣಿಯ ಹಾಲೇ ಹಿಡಿಸಿತ್ತು. ಕರು ಹೋದರೆ ಹಸು ಹಾಲು ಬಿಡುವುದಿಲ್ಲ ಅಂತ ಅತ್ತೆ ಅಡ್ಡಬಂದರು. "ಒಂದು ಕೂಸಿನ ಬಾಯಿಗಿಂತ ನಿಮ್ಮ ಸುಳಿ ದೊಡ್ಡದಾ" ಅಂತ ಕೇಳಿದರು. ಮಾವ ಜಗಲಿಯಿಂದ ಎದ್ದುಹೋದರು. ಹೀಗೆ ತಾಯಿ, ಮಗಳು ಎರಡೂ ಹಿತ್ತಿಲ ಸೋಗೆಯ ಕೆಳಗೆ ಉಳಿದವು.

ಆಮೇಲೆ ಬಂತು ಆ ವರ್ಷ. ಹೊರಗೆ ಯುದ್ಧ ನಡೆಯುತ್ತಿತ್ತು. ನಮಗೆ ಯುದ್ಧ ಅಂದರೆ ಸೀಮೆಎಣ್ಣೆ ಸಿಗದ್ದು, ಬಟ್ಟೆ ಸಿಗದ್ದು, ರಾಗಿಯನ್ನು ಸರ್ಕಾರಕ್ಕೆ ಅಳೆದುಕೊಡಬೇಕಾದದ್ದು. ಮಳೆ ಮಾತ್ರ ಕೈಬಿಟ್ಟಿರಲಿಲ್ಲ. ಬಿತ್ತನೆಯಾಗಿ, ರಾಗಿ ಪೈರು ಗೇಣುದ್ದ ಎದ್ದು, ಮನೆಮನೆಯಲ್ಲೂ ಕುಂಟೆ ಹೊಡೆಯುವ ಸಡಗರ. ಅಂಥ ಹದದಲ್ಲಿ ಎಲ್ಲಿಂದಲೋ ಎಲ್ಲಿಗೋ ಹೋಗುವ ದನದ ವ್ಯಾಪಾರಿಗಳ ಹಿಂಡೊಂದು ನಮ್ಮೂರ ಕೆರೆಯಂಗಳದಲ್ಲಿ ತಂಗಿತು. ಹೊರಡುವಾಗ ಎರಡು ದನ ಏಳಲಿಲ್ಲ. ಅವನ್ನು ಅಲ್ಲೇ ಬಿಟ್ಟು ಹೋದರು.

ವಾರ ಕಳೆಯುವುದರೊಳಗೆ ತಿಮ್ಮಣ್ಣನ ಎಡಗಡೆ ಎತ್ತು ಮೇವು ಬಿಟ್ಟಿತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅಳುವವರ ಹಾಗೆ. ಬಾಯಿ ತೆಗೆದು ನೋಡಿದರೆ ವಸಡಿನ ಮೇಲೆಲ್ಲ ತೌಡು ಎರಚಿದ ಹಾಗಿತ್ತು. ಮಾವ ನೋಡಿದವರೇ ಎತ್ತಿನ ಬಾಯಿ ಮುಚ್ಚಿ, ಕೈ ಒರೆಸಿಕೊಂಡು, "ದೊಡ್ಡರೋಗ" ಅಂದರು. ಆ ಹೆಸರನ್ನು ನಾನು ತವರಿನಲ್ಲಿ ಎಷ್ಟೋ ಸಲ ಕೇಳಿದ್ದೆ. ಇಲ್ಲಿನವರು ಅದನ್ನು ಅಜ್ಜಂದಿರ ಬಾಯಲ್ಲಿ ಮಾತ್ರ ಕೇಳಿದ್ದರು.

ಮುಂದಿನದನ್ನು ಒಂದೊಂದಾಗಿ ಹೇಳುವ ಶಕ್ತಿ ನನಗಿಲ್ಲ. ಕೊಟ್ಟಿಗೆ ಕೊಟ್ಟಿಗೆಯಲ್ಲಿ ಬೇವಿನಸೊಪ್ಪಿನ ಹೊಗೆ. ಅರಿಶಿನ, ಬೆಳ್ಳುಳ್ಳಿ, ರಾಗಿ ಗಂಜಿ, ಎಲ್ಲವನ್ನೂ ಬಿದಿರಿನ ಗೊಟ್ಟದಲ್ಲಿ ತುಂಬಿ ಬಾಯಿಗೆ ಹುಯ್ಯುವುದು. ಹುಯ್ದದ್ದು ರಕ್ತದ ಜತೆ ಹಿಂದಿನಿಂದ ಹೊರಗೆ ಬರುವುದು. ಅಷ್ಟು ದೊಡ್ಡ ಮೈ ನೋಡನೋಡುತ್ತ ಚರ್ಮದೊಳಗೆ ಮೂಳೆಯ ಗೂಡಾಗಿ ಕುಸಿಯುವುದು. ಒಂದಕ್ಕೆ ಬಂದದ್ದು ಸಾಲಿನಲ್ಲಿದ್ದ ಎಲ್ಲಕ್ಕೂ ಬಂತು. ಒಂದು ಹೇಗೆ ಸತ್ತಿತೋ ಎಲ್ಲವೂ ಹಾಗೇ ಸತ್ತವು. ನೋಡಲು ಒಂದೇ ಅಚ್ಚಿನವು ಅಂದೆನಲ್ಲ, ಸಾವಿನಲ್ಲೂ ಒಂದೇ ಅಚ್ಚು. ಮಾವನವರ ಹೋರಿ ನಿಂತೇ ಸಾಯುತ್ತೇನೆ ಅನ್ನುವಂತೆ ಗೋಡೆಗೆ ಒರಗಿಕೊಂಡಿತ್ತು. ಅವರು ಅದರ ಕೊರಳಿಗೆ ತಮ್ಮ ಹೆಗಲು ಕೊಟ್ಟು ಮಧ್ಯಾಹ್ನದವರೆಗೂ ನಿಂತಿದ್ದರು. ಅದು ಬಿದ್ದಾಗ ಅವರೂ ಜತೆಗೆ ಬಿದ್ದರು. ಅವರ ಮಗ, ನಮ್ಮನೆಯವರು, ಹೋಗಿ ಎತ್ತಿ ಕೂರಿಸಿದರು.

ಹಿತ್ತಿಲಲ್ಲಿ ಸಣ್ಣಿಗೂ ಮೈ ಬಿಸಿಯಾಯಿತು. ಮೇವು ಮುಟ್ಟಲಿಲ್ಲ, ಕಣ್ಣಲ್ಲಿ ನೀರು. ಅದರ ಮಗಳು ಕಡಸಿಗೂ ಹಾಗೇ. ಇವೂ ಹೋದವು ಅಂತ ನಾನು ಸೆರಗು ಬಾಯಿಗಿಟ್ಟುಕೊಂಡು ಬೇಲಿಯ ಹತ್ತಿರ ಕೂತೆ. ಒಂದೆರಡು ದಿನ ಕಳೆದ ಮೇಲೆ ಬೆಳಿಗ್ಗೆ ಕಸ ಗುಡಿಸಲು ಹೋದರೆ ಎರಡೂ ಮಲಗಿಕೊಂಡು ಮೆಲುಕು ಹಾಕುತ್ತಿದ್ದವು. ಊರೆಲ್ಲ ಗೋಳಿಡುವಾಗ ಆ ಮೆಲುಕಿನ ಸದ್ದು ಕೇಳಿ ನನಗೆ ಸಂತೋಷವಾಯಿತು. ಸಂತೋಷವನ್ನು ಯಾರಿಗೂ ಕಾಣಿಸದ ಹಾಗೆ ಅಡಗಿಸಿಕೊಂಡೆ. ಅಂಥ ಕಾಲದಲ್ಲಿ ಒಬ್ಬರ ಮನೆಯ ಜೀವ ಉಳಿಯುವುದೂ ಅಪರಾಧದ ಹಾಗೆಯೇ ಕಾಣುತ್ತದೆ ಅಂತ ನನಗೆ ಆಗಲೇ ಒಳಗೆ ಹೊಳೆದಿರಬೇಕು.

ಹಾಸನದಿಂದ ದನದ ಡಾಕ್ಟರು ಬಂದಾಗ ಊರಿನಲ್ಲಿ ಸೂಜಿ ಚುಚ್ಚಲು ಹೆಚ್ಚೇನೂ ಉಳಿದಿರಲಿಲ್ಲ. ಔಷಧಿ ಬರುವುದು ತಡವಾಯಿತಂತೆ, ಊರೂರಿನಲ್ಲೂ ಇದೇ ಕತೆಯಂತೆ. ಸೈಕಲ್ಲಿನಲ್ಲಿ ಬಂದಿದ್ದರು, ಮೊಣಕಾಲವರೆಗೂ ಕೆಸರು. ಅವರ ಪೆಟ್ಟಿಗೆ, ಕೈ, ಕೋಟು ಎಲ್ಲ ಫಿನಾಯಿಲಿನ ವಾಸನೆ. ಸತ್ತದ್ದನ್ನು ಆಳದಲ್ಲಿ ಹೂಳಿಸಿ, ಕೊಟ್ಟಿಗೆಗೆಲ್ಲ ಆ ಫಿನಾಯಿಲ್ ಎರಚಿಸಿ, ಕೈ ತೊಳೆಯಲು ನೀರು ಕೇಳಿಕೊಂಡು ನಮ್ಮ ಹಿತ್ತಿಲಿಗೆ ಬಂದರು. ಸಣ್ಣಿಯನ್ನು ನೋಡಿ ಚೊಂಬು ಅಲ್ಲೇ ಇಟ್ಟರು. ಬಾಯಿ ತೆಗೆಸಿ ವಸಡಿನ ಮೇಲಿನ ಆರಿದ ಗುರುತು ನೋಡಿದರು. ಕಡಸಿನದೂ ನೋಡಿದರು. ಜಗಲಿಗೆ ಬಂದು, ಇವು ಎಲ್ಲಿಯವು, ಮುಂಚೆ ಈ ರೋಗ ಬಂದಿತ್ತಾ ಅಂತ ಕೇಳಿದರು. ತಾಯಿ ಮಲ್ಲಿಪಟ್ಟಣದ ಕಡೆಯದು, ಅಲ್ಲಿ ಚಿಕ್ಕಂದಿನಲ್ಲಿ ಬಂದಿದ್ದರೂ ಬಂದಿರಬಹುದು, ಮಗಳು ಇಲ್ಲೇ ಹುಟ್ಟಿದ್ದು, ಅದಕ್ಕೆ ಇದೇ ಮೊದಲು ಅಂತ ಅತ್ತೆ ಹೇಳಿದರು. ಅತ್ತೆ ಆಗ ಜಗಲಿಯ ತುದಿಯಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದರು.

ಡಾಕ್ಟರು ಮಾವನವರ ಎದುರು ಕೂತರು. "ಗೌಡ್ರೆ, ಅಮ್ಮಾವ್ರು ಮಾಡ್ತಿದಾರಲ್ಲ, ರೋಗ ಮಾಡೋದೂ ಅದನ್ನೇ. ಮಲ್ಲಿಪಟ್ಟಣದ ಕಡೆ ಎಷ್ಟೋ ತಲೆಯಿಂದ ಕೇರ್ತಾ ಬಂದಿದೆ. ತಡೆಯೋ ಶಕ್ತಿ ಇಲ್ಲದ್ದು ಹಾರಿಹೋಯ್ತು. ಇದ್ದದ್ದು ಉಳೀತು, ಕರು ಹಾಕ್ತು. ಆ ಕರುಗಳನ್ನ ಮತ್ತೆ ಕೇರ್ತು. ಅದಕ್ಕೇ ಇವತ್ತು ಆ ಕಡೆ ಇಂಥ ದನ ಇವೆ. ಆದರೆ ಮೊರದ ಹಿಂದೆ ಅಮ್ಮಾವ್ರು ಇದಾರೆ, ರೋಗದ ಹಿಂದೆ ಯಾರೂ ಇಲ್ಲ. ರೋಗಕ್ಕೆ ಸುಳಿ ಕಾಣೋದಿಲ್ಲ."

ಮಾವ ಅತ್ತೆಯ ಮೊರದ ಕಡೆ ನೋಡಿದರು. ಆಮೇಲೆ, "ಅಂಗಾರೆ ನಾವು ಮೂರು ತಲೆಯಿಂದ ಕೇರಿದ್ದು ಏನು ಸಾ?" ಅಂದರು. ಆ ಮನುಷ್ಯ ಯಾರನ್ನಾದರೂ ಏನನ್ನಾದರೂ ಕೇಳಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಡಾಕ್ಟರು ಒಳ್ಳೆಯವರು, ಚುಚ್ಚಿ ಮಾತಾಡಲಿಲ್ಲ. "ನೀವು ನಡಿಗೆಗೆ ಕೇರಿದ್ರಿ, ಚೆಂದಕ್ಕೆ ಕೇರಿದ್ರಿ. ಅದು ಸುಳ್ಳಲ್ಲ, ಅಂಥ ಎತ್ತು ನಾನು ಬೇರೆ ಕಡೆ ನೋಡಿಲ್ಲ. ಈ ರೋಗಕ್ಕೆ ಕೇರಿರಲಿಲ್ಲ, ಅಷ್ಟೆ. ಎಲ್ಲ ಒಂದೇ ಹೋರಿ ಮಕ್ಕಳು. ಒಂದಕ್ಕೆ ಇಲ್ಲದ ಶಕ್ತಿ ಯಾವುದಕ್ಕೂ ಇರಲಿಲ್ಲ" ಅಂದರು. ಆಮೇಲೆ ಹಿತ್ತಿಲ ಕಡೆ ಕೈ ತೋರಿಸಿದರು. ಇವೆರಡನ್ನು ಜೋಪಾನ ಮಾಡಿ, ಕಡಸನ್ನು ಒಳ್ಳೆಯ ಹೋರಿಗೆ ಕೊಡಿಸಿ, ಗಂಡು ಹುಟ್ಟಿದರೆ ದಯವಿಟ್ಟು ಬೀಜ ಒಡೆಸಬೇಡಿ, ನಿಮ್ಮ ಚೆಂದವೂ ಇದರ ಗಟ್ಟಿತನವೂ ಒಂದೇ ಮೈಯಲ್ಲಿ ಬಂದರೂ ಬರಬಹುದು ಅಂತ ಬಿಡಿಸಿ ಹೇಳಿದರು. ತಮಗೂ ಖಚಿತವಿಲ್ಲ, ಕರುಗಳನ್ನು ಉಳಿಸಿ ನೋಡಿದರೆ ತಾನೇ ತಿಳಿಯುವುದು ಅಂತಲೂ ಅಂದರು.

ಅವತ್ತು ಸಂಜೆ ಮಾವ ತಾವೇ ಒಂದು ತೆಕ್ಕೆ ಹಸಿಹುಲ್ಲು ತಂದು ಸಣ್ಣಿಯ ಮುಂದೆ ಹಾಕಿದರು. ಬೆನ್ನಿನ ಹಿಂಬದಿಗೆ ಕೈಯಿಟ್ಟು ಆ ಎರಡು ಸುಳಿಯನ್ನು ಬೆರಳಲ್ಲಿ ಸವರುತ್ತ ನಿಂತಿದ್ದರು. ಒಳಗೆ ಬಂದು ಅತ್ತೆಗೆ, "ಕಡಸನ್ನ ಒಳಗೆ ಕಟ್ಟಿಸು, ಜಾಗ ಬೇಕಾದಂಗದೆ" ಅಂದರು. ಬರಿದಾದ ಆ ಸಾಲಿನಲ್ಲಿ ನನ್ನ ಕಡಸು ಒಂದೇ ನಿಂತಿತು. ಅಷ್ಟರಿಂದಲೇ ಆ ಮನೆ ಮತ್ತೆ ತುಂಬಬಹುದು ಅಂತ ನಾನು ನಂಬಿದೆ.

ನಂಬಿಕೆ ಬಹಳ ದಿನ ಬಾಳಲಿಲ್ಲ. ಮಾರಿಗುಡಿಯ ಮುಂದೆ ಊರು ಸೇರಿತು. ಗಂಡಸರು ಕಟ್ಟೆಯ ಸುತ್ತ, ಹೆಂಗಸರು ನಾವು ಹುಣಸೆಮರದ ಕೆಳಗೆ. ಮಾರಿಯನ್ನು ಗಡಿ ದಾಟಿಸಬೇಕು ಅನ್ನುವುದಕ್ಕೆ ಎರಡು ಮಾತಿರಲಿಲ್ಲ. ರೋಗ ಬಂದಾಗ ಎಲ್ಲ ಊರಿನಲ್ಲೂ ನಡೆಯುವುದೇ. ಹಳೇ ಮೊರ, ಪೊರಕೆ, ಬೇವಿನಸೊಪ್ಪು ಹೊತ್ತು, ಜೀವವಿರುವ ಒಂದು ಪ್ರಾಣಿಗೆ ಅರಿಶಿನ ಹಚ್ಚಿ, ಊರ ಗಡಿಯಿಂದಾಚೆಗೆ ಅಟ್ಟಿಬರುವುದು. ಪಕ್ಕದೂರಿನವರು ಅದನ್ನು ತಮ್ಮ ಗಡಿಯಿಂದಾಚೆಗೆ ಅಟ್ಟುವುದು. ಯಾವ ಪ್ರಾಣಿ ಅನ್ನುವ ಮಾತು ಬಂದಾಗ ಎಲ್ಲರೂ ನೆಲ ನೋಡಿದರು. ಎದ್ದುನಿಂತವನು ತಿಮ್ಮಣ್ಣ. ಅವನ ಕೊಟ್ಟಿಗೆಯಲ್ಲಿ ಒಂದು ಬಾಲವೂ ಉಳಿದಿರಲಿಲ್ಲ. ಆ ನಗೆಗಾರನ ಮುಖದಲ್ಲಿ ನಗುವಿದ್ದ ಜಾಗ ಗುಳಿಬಿದ್ದಿತ್ತು.

"ನೀನೇ ಏಳಿದ್ದೆ ಮುದ್ದಣ್ಣ. ನಾನೂ ಜಗಲಿ ಮೇಲೆ ಇದ್ದೆ. ಇದು ನಿಂತ ಕಡೆ ಎಣ ಏಳ್ತದೆ ಅಂದೆ. ನಾನು ನಗಾಡ್ಬುಟ್ಟೆ. ಈಗ ನೋಡು, ಊರಲ್ಲಿ ಎಲ್ಲರ ಮನೆ ಕಂಬ ಬಿತ್ತು, ನಿನ್ನ ಮನೆ ಚಟ್ಟ ಒಂದೇ ನಿಂತದೆ."

ನಮ್ಮನೆಯವರು ಏನೋ ಹೇಳಲು ಎದ್ದರು. ಡಾಕ್ಟರು ಹೇಳಿದ್ದನ್ನು ಅರ್ಧ ಹೇಳುವಷ್ಟರಲ್ಲಿ ಹಿಂದಿನಿಂದ ಯಾರೋ, ಹೆಂಡತಿ ತವರಿನ ಹಸು ನೋಡಪ್ಪ, ಅವನಿಗೆ ಸಂಕಟ ಅಂದರು. ಅವರು ಕೂತುಬಿಟ್ಟರು. ಎಲ್ಲರ ಕಣ್ಣೂ ಮಾವನವರ ಮೇಲೆ. ತಾನು ಹೇಳಿದ್ದು ತಪ್ಪು, ಸುಳಿಗೂ ಸಾವಿಗೂ ನಂಟಿಲ್ಲ ಅಂತ ಅವರು ಒಂದು ಮಾತು ಅಂದಿದ್ದರೆ ಸಾಕಿತ್ತು. ಊರು ಅವರ ಮಾತು ಮೀರುತ್ತಿರಲಿಲ್ಲ. ಆದರೆ ಆ ಒಂದು ಮಾತು ಅವರ ಅಪ್ಪನ ಮಾತನ್ನೂ ಅಜ್ಜನ ಮಾತನ್ನೂ ಕಿತ್ತುಹಾಕುತ್ತಿತ್ತು. ಅವರು ಸಂತೆಗೆ ಅಟ್ಟಿದ ಕರುಗಳೆಲ್ಲ ತಿರುಗಿ ಬಂದು ಅಂಗಳದಲ್ಲಿ ನಿಲ್ಲುತ್ತಿದ್ದವು. ಮಾವ ಎದ್ದು ಟವೆಲ್ಲು ಕೊಡವಿ, "ಅಂದಿದ್ದು ಅಂದಿದ್ದೇ" ಅಂದರು.

ಅವತ್ತೇ ಹೊತ್ತು ಇಳಿಯುವ ಮುಂಚೆ ಊರಿನವರು ಬಂದರು. ಸಣ್ಣಿಯ ಹಗ್ಗವನ್ನು ನಾನೇ ಬಿಚ್ಚಿದೆ. ಬೇರೆಯವರ ಕೈ ಮುಟ್ಟಿದರೆ ಅದು ಒದೆಯುತ್ತಿತ್ತು, ಒದ್ದರೆ ಹೊಡೆಯುತ್ತಾರೆ ಅಂತ. ಹಣೆಗೆ ಅರಿಶಿನ ಬಳಿದು, ಕೊಂಬಿಗೆ ಬೇವು ಕಟ್ಟಿದರು. ಬೆನ್ನ ಮೇಲೆ ಅದೇ ಸುಳಿ ಅಂತ ಕಡಸಿಗೂ ಕಟ್ಟಿದರು. ಹೂ ಮುಡಿದ ಮದುವಣಗಿತ್ತಿಯ ಹಾಗೆ ಅದು ಸುತ್ತ ನೋಡುತ್ತಿತ್ತು. ನನ್ನ ಮಗಳು ಅತ್ತೆಯ ಸೊಂಟದಿಂದ ಕೈ ಚಾಚಿ ಹಾಲು ಹಾಲು ಅಂತ ಕರೆದಳು. ತಮಟೆ ಹೊಡೆದುಕೊಂಡು ಗಡಿಕಲ್ಲಿನವರೆಗೆ ಅಟ್ಟಿದರು. ಕಲ್ಲು ದಾಟಿದ ಮೇಲೆ ಸಣ್ಣಿ ನಿಂತು ಹಿಂತಿರುಗಿ ನೋಡಿತಂತೆ. ಮನೆಗೆ ಹೋಗುವ ಹೊತ್ತಾಯಿತಲ್ಲ ಅಂತ ಇರಬೇಕು. ಕಲ್ಲು ಬೀಸಿದ ಮೇಲೆ ಮುಂದಕ್ಕೆ ಹೋಯಿತಂತೆ.

ಅತ್ತೆ ಮಾರನೇ ದಿನವೇ ನಮ್ಮನೆಯವರನ್ನು ಗುಟ್ಟಾಗಿ ಹುಡುಕಲು ಕಳಿಸಿದರು. ಯಾರಿಗೂ ಹೇಳದೆ ಹಿಡಿದು, ಹೊಳೆ ದಾಟಿಸಿ, ಹೇಗಾದರೂ ಮಲ್ಲಿಪಟ್ಟಣಕ್ಕೆ ಮುಟ್ಟಿಸು ಅಂತ. ಮೊದಲನೇ ಊರಿನವರು ಮುಂದಕ್ಕೆ ಅಟ್ಟಿದ್ದೇವೆ ಅಂದರಂತೆ. ಅದರ ಮುಂದಿನ ಊರಿನವರೂ ಅದನ್ನೇ ಅಂದರಂತೆ. ಯಾವ ಊರೂ ಅವಕ್ಕೆ ಒಂದು ಗುಟುಕು ನೀರು ತೋರಿಸಿರಲಿಲ್ಲ. ಚನ್ನರಾಯಪಟ್ಟಣದ ಹತ್ತಿರದವರೆಗೂ ಸುದ್ದಿ ಸಿಕ್ಕಿತಂತೆ. ಅಲ್ಲಿಂದಾಚೆಗೆ ಕಂಡವರೇ ಇಲ್ಲ. ನಮ್ಮನೆಯವರು ಕಾಲು ಒಡೆದುಕೊಂಡು ಬಂದು ಹಿತ್ತಿಲಲ್ಲಿ ಕೂತರು. ನಾನು ಕಾಲಿಗೆ ಬಿಸಿನೀರು ಕೊಟ್ಟೆ.

ಡಾಕ್ಟರು ಮತ್ತೆ ಬಂದರು. ಹಬ್ಬ ಕಳೆದು ರಾಗಿ ಹಳದಿಗೆ ತಿರುಗುತ್ತಿದ್ದ ಕಾಲ. ಕಡಸನ್ನು ನೋಡಬೇಕು ಅಂತಲೇ ಸೈಕಲ್ ತುಳಿದುಕೊಂಡು ಬಂದಿದ್ದರು. ಕೊಟ್ಟಿಗೆಗೆ ಹೋಗಿ ಬರಿಯ ಗೂಟ ನೋಡಿ, ಮೇಯಲು ಹೋಗಿದೆಯಾ ಅಂತ ಕೇಳಿದರು. ಅತ್ತೆ ನಡೆದದ್ದನ್ನು ಹೇಳಿದರು. ಅವರು ಪೆಟ್ಟಿಗೆಯ ಮೇಲೆ ಕೂತುಕೊಂಡರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಕೊಟ್ಟ ಬೆಲ್ಲದ ನೀರು ಕುಡಿದು, ಲೋಟ ಬೋರಲು ಹಾಕಿ, "ಸುತ್ತಮುತ್ತ ಊರಲ್ಲೆಲ್ಲ ಹುಡುಕಿದ್ದೆ ತಾಯಿ. ಹಾಗೆ ಉಳಿದಿದ್ದು ಅವೆರಡೇ" ಅಂದು ಹೊರಟುಹೋದರು.

ಆ ಸುಗ್ಗಿಯನ್ನು ಸುಗ್ಗಿ ಅಂತ ಹೇಗೆ ಕರೆಯಲಿ. ಬೆಳೆ ಬಂದಿತ್ತು, ಎಳೆಯಲು ಎತ್ತಿರಲಿಲ್ಲ. ಹೊರೆಯೆಲ್ಲ ತಲೆಯ ಮೇಲೆ ಕಣ ಸೇರಿತು. ಎತ್ತು ಎಳೆಯುವ ಗುಂಡುಕಲ್ಲಿಗೆ ಗಂಡಸರು ಹೆಗಲು ಕೊಟ್ಟರು. ಎಳೆಯಲಾರದೆ ಬಿಟ್ಟು, ಬಡಿಗೆ ಹಿಡಿದು ತೆನೆ ಬಡಿದರು. ಮಾವ ಮತ್ತು ತಿಮ್ಮಣ್ಣ ಎದುರುಬದುರು ನಿಂತು ಬಡಿಯುತ್ತಿದ್ದರು. ನಾನು, ಅತ್ತೆ ಕಣದ ಮೂಲೆಯಲ್ಲಿ ಕೇರುತ್ತಿದ್ದೆವು. ಮೊರ ಎತ್ತಿದಾಗಲೆಲ್ಲ ನನಗೆ ಡಾಕ್ಟರ ಮಾತು. ಹಾರಬೇಕಾದ್ದು ಹಾರಿ, ಒಂದು ಕಾಳು, ಎರಡೇ ಎರಡು ಕಾಳು ಮೊರದಲ್ಲಿ ಉಳಿದಿದ್ದವು. ನಾವು ಆ ಎರಡನ್ನೂ ಎತ್ತಿ ಬೀದಿಗೆ ಎಸೆದೆವು.

ಮುಂದಿನ ಬಿತ್ತನೆಯ ಹೊತ್ತಿಗೆ ಮಾವ ಸಂತೆಗೆ ಹೋಗಿ ಒಂದು ಜೋಡಿ ತಂದರು. ಬೂದು ಬಿಳುಪು ಮೈ, ನೀಳ ಕೊಂಬು, ಸುಳಿಯಲ್ಲಿ ಕೂದಲೆಳೆಯ ಕುಂದಿಲ್ಲ. ಊರಿನವರೂ ಅಂಥದ್ದನ್ನೇ ಹುಡುಕಿ ತಂದರು. ಸಂಜೆಯ ಹೊತ್ತು ಕೆರೆಯಿಂದ ಬರುವಾಗ ಮತ್ತೆ ಮೊದಲಿನ ಹಾಗೇ ಕಾಣುತ್ತಿತ್ತು. ಕೆಲವು ವರ್ಷ ಕಳೆದು, ಯುದ್ಧ ಮುಗಿದ ಮೇಲೆ, ದೊಡ್ಡರೋಗ ಮತ್ತೆ ಬಂತು. ಈ ಸಲ ಡಾಕ್ಟರು ಬೇರೆಯವರು. ಔಷಧಿ ಕೆಲವು ಊರಿಗೆ ಸಿಕ್ಕಿತು, ನಮ್ಮೂರಿಗೆ ಸಿಗುವುದರೊಳಗೆ ನಮ್ಮ ಜೋಡಿ ಹೋಗಿತ್ತು. ಮಾವ ಈ ಸಲ ಹೆಗಲು ಕೊಟ್ಟು ನಿಲ್ಲಲಿಲ್ಲ. ಜಗಲಿಯ ಮೇಲೆ ಕೂತು ಕೊಟ್ಟಿಗೆಯ ಕಡೆಗೆ ಬೆನ್ನು ತಿರುಗಿಸಿಕೊಂಡಿದ್ದರು.

ಎರಡನ್ನೂ ಹೂಳಿ ಬಂದ ಮಾರನೇ ಬೆಳಿಗ್ಗೆ ಅವರು ಬುತ್ತಿ ಕಟ್ಟಲು ಹೇಳಿದರು. ಎಲ್ಲಿಗೆ ಅಂತ ಅತ್ತೆ ಕೇಳಿದರೆ ನನ್ನ ಕಡೆ ನೋಡಿ, "ನಿಮ್ಮಪ್ಪನ ತಾವ್ಕೆ ಓಗ್ಬತ್ತೀನಿ ಕಣವ್ವ. ಸಣ್ಣಿ ತಾಯಿ ಬಳ್ಳೀದು ಯಾವುದಾದ್ರೂ ಒಂದು ಕೊಡಿ ಅಂತ ಕೇಳ್ತೀನಿ. ಕಾಲು ಇಡ್ಕೊಂಡು ಕೇಳ್ತೀನಿ" ಅಂದರು. ಮದುವೆಯಾದ ಮೇಲೆ ಅವರು ನನ್ನ ತವರಿನ ಹೊಸ್ತಿಲು ತುಳಿದಿರಲಿಲ್ಲ. ಸಣ್ಣಿ ಹೋದ ವರ್ಷದಿಂದ ನಾನೂ ಮುಖವಿಲ್ಲದೆ ತವರಿಗೆ ಹೋಗಿರಲಿಲ್ಲ. ಆ ವಯಸ್ಸಿನಲ್ಲಿ ಕೋಲು ಊರಿಕೊಂಡು ನಡೆದೇ ಹೋದರು. ಗಾಡಿ ಕಟ್ಟಲು ಯಾರ ಮನೆಯಲ್ಲೂ ಎತ್ತಿರಲಿಲ್ಲ.

ಅವರು ತಿರುಗಿ ಬಂದದ್ದು ಒಂದು ಮಧ್ಯಾಹ್ನ. ಬರಿಗೈಯಲ್ಲಿ. ನಾನು ಕಾಲಿಗೆ ನೀರು ಕೊಟ್ಟೆ. ತೊಳೆದುಕೊಂಡು ಜಗಲಿಯ ಮೇಲೆ ಕೂತರು. ನನ್ನನ್ನು ಹತ್ತಿರಕ್ಕೆ ಕರೆದರು.

ಆ ವರ್ಷ ನಡೆದದ್ದು ಸಂತೆಯಿಂದ ಸಂತೆಗೆ ಹಬ್ಬಿ ಮಲ್ಲಿಪಟ್ಟಣಕ್ಕೂ ಮುಟ್ಟಿತ್ತಂತೆ. ತಾವು ಕೊಟ್ಟ ಹಸುವಿನಿಂದ ಮಗಳ ಊರಿಗೆ ಊರೇ ಹಾಳಾಯಿತು ಅಂತ ನಮ್ಮಪ್ಪ ಹಾಸಿಗೆ ಹಿಡಿದರಂತೆ. ಮುದ್ದೇಗೌಡರಂಥವರು ಹೇಳಿದ ಮೇಲೆ ಸುಳ್ಳಿರುವುದಿಲ್ಲ ಅಂದುಕೊಂಡು, ಒಂದು ದಿನ ಎದ್ದು, ತಮ್ಮ ಹಟ್ಟಿಯ ದನಗಳನ್ನೆಲ್ಲ ನಿಲ್ಲಿಸಿ, ಜೀವಮಾನದಲ್ಲಿ ಮೊದಲ ಸಲ ಬೆನ್ನು ನೋಡಿದರಂತೆ. ಆ ಎರಡು ಸುಳಿ ಇದ್ದದ್ದನ್ನು, ಸಣ್ಣಿಯ ತಾಯಿಯನ್ನು, ತಂಗಿಯರನ್ನು, ಅವುಗಳ ಕರುಗಳನ್ನು, ಎಲ್ಲವನ್ನೂ ಘಟ್ಟದ ಕೆಳಗಿನ ವ್ಯಾಪಾರಿಗಳಿಗೆ ಮಾರಿಬಿಟ್ಟರಂತೆ.

"ಮಿಕ್ಕವು ಮಾವ?" ಅಂತ ಕೇಳಿದೆ.

"ಈ ಸಲದ ರೋಗಕ್ಕೆ ಓದ್ವಂತೆ. ತಡೆಯೋದು ಆ ಬಳ್ಳಿ ಒಂದೇ ಆಗಿತ್ತೇನೊ" ಅಂದರು. ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಇಲ್ಲ ಕಣವ್ವ. ಒಂದೂ ಇಲ್ಲ" ಅಂದರು.

ಊಟಕ್ಕೆ ಎಬ್ಬಿಸಿದೆ. ಎದ್ದು ಒಳಗೆ ಬಂದರು. ಮುದ್ದೆ ಇಕ್ಕಿ, ಮಜ್ಜಿಗೆ ಇಲ್ಲದ್ದಕ್ಕೆ ಸಾರು ಬಿಟ್ಟೆ. ಉಂಡರು.